ಊರಿನಿಂದ ಬಂದ ಹಿರಿಯರೊಂದಿಗೆ ಲಂಡನ್ನಿನಲ್ಲಿ ಒಂದು ದಿನ: ಎಷ್ಟು ತೋರಿಸಬೇಕು?

ಕ್ರಾಯ್ಡನ್ ನಿವಾಸಿ

ಬೇಸಿಗೆ ಹತ್ತಿರವಾದಂತೆಲ್ಲ ನಮ್ಮ ಬಳಗದಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಅಪ್ಪ-ಅಮ್ಮನೋ ಅತ್ತೆ-ಮಾವನೋ ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಬಂದಿದ್ದಾರೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಶನಿವಾರ ಒಂದು ದಿನ ಬಿಡುವಿದೆ, ಲಂಡನ್ನಿನಲ್ಲಿ ಏನೇನು ತೋರಿಸಬಹುದು? ಬರುವ ಉತ್ತರಗಳು ಬಹುತೇಕ ಪಟ್ಟಿಗಳೇ: ಬಕಿಂಗ್‌ಹ್ಯಾಮ್ ಅರಮನೆ, ಟವರ್ ಬ್ರಿಡ್ಜ್, ಲಂಡನ್ ಐ, ಟ್ರಫಾಲ್ಗರ್ ಚೌಕ, ಸಂಜೆಗೆ ಆಕ್ಸ್‌ಫರ್ಡ್ ಸ್ಟ್ರೀಟ್. ನಾಲ್ಕು ದಿನಕ್ಕೆಂದು ಬಂದು ಹೋಗುವವರಿಗೆ ಈ ಪಟ್ಟಿ ಸರಿ. ಇಲ್ಲಿಯೇ ಮನೆ ಮಾಡಿಕೊಂಡು, ಕೌನ್ಸಿಲ್ ತೆರಿಗೆ ಕಟ್ಟಿಕೊಂಡು, ಮಕ್ಕಳನ್ನು ಇಲ್ಲಿನ ಶಾಲೆಗೆ ಕಳುಹಿಸುತ್ತಿರುವ ನಾವು ಎಪ್ಪತ್ತರ ಆಸುಪಾಸಿನ ಹಿರಿಯರನ್ನು ಕರೆದುಕೊಂಡು ಅದೇ ಪಟ್ಟಿಯನ್ನು ಓಡೋಡಿ ಮುಗಿಸಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ದಿನಕ್ಕೆ ಒಂದು ವಸ್ತುಸಂಗ್ರಹಾಲಯ, ಒಂದು ಬಸ್ಸು, ಒಂದು ನಡಿಗೆ ಸಾಕು ಎಂಬುದು ನನ್ನ ವಾದ. ಇತ್ತೀಚೆಗೆ ನಮ್ಮ ಮನೆಯವರೆಲ್ಲ ಸೇರಿ ಹಾಗೆ ಕಳೆದ ಒಂದು ದಿನವನ್ನು ವಿವರಿಸುತ್ತೇನೆ. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ಬೆಳಿಗ್ಗೆ ಈಸ್ಟ್ ಕ್ರಾಯ್ಡನ್ನಿನಿಂದ ವಿಕ್ಟೋರಿಯಾಕ್ಕೆ ರೈಲು ಹಿಡಿದು, ಅಲ್ಲಿಂದ ಸೌತ್ ಕೆನ್ಸಿಂಗ್ಟನ್ನಿಗೆ ಬಸ್ಸಿನಲ್ಲಿ ಹೋದೆವು. ಟ್ಯೂಬ್ (ನೆಲದಡಿಯ ರೈಲು) ಇದ್ದೂ ಬಸ್ಸನ್ನೇ ಆರಿಸಿಕೊಂಡದ್ದು ಅಮ್ಮನ ಮೊಣಕಾಲಿಗಾಗಿ. ಲಂಡನ್ನಿನ ಬಸ್ಸುಗಳೆಲ್ಲವೂ ತಗ್ಗಿನ ನೆಲದವು, ಮೆಟ್ಟಿಲು ಹತ್ತುವ ಗೋಜಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಪ್ರವೇಶ ಉಚಿತ. 1852ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ಎಲ್ಲವನ್ನೂ ನೋಡಲು ಹೊರಟರೆ ಹಿರಿಯರಿಗೆ ಕಾಲು ನೋವು, ಮಕ್ಕಳಿಗೆ ಅಳು, ನಮಗೆ ಸಿಟ್ಟು ಬರುವುದು ಖಂಡಿತ. ಆದ್ದರಿಂದ ನಾವು ಹೋದದ್ದು ಮುಖ್ಯವಾಗಿ ಒಂದೇ ವಸ್ತುವಿಗಾಗಿ, ಅಂದರೆ ಟಿಪ್ಪುವಿನ ಹುಲಿಗಾಗಿ.

ಸುಮಾರು ಒಂದೂಮುಕ್ಕಾಲು ಮೀಟರ್ ಉದ್ದದ, ಬಣ್ಣ ಬಳಿದ ಮರದ ಹುಲಿ ಅದು. ಅದರ ಅಡಿಯಲ್ಲಿ ಕೆಂಪು ಕೋಟು ತೊಟ್ಟ ಐರೋಪ್ಯನೊಬ್ಬ ಅಂಗಾತ ಬಿದ್ದಿದ್ದಾನೆ, ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಮಗ್ಗುಲಿನ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಎಡಗೈ ಮೇಲೇರಿ ಕೆಳಗಿಳಿಯುತ್ತದೆ. ಹುಲಿಯ ಪಕ್ಕೆಯ ಬಾಗಿಲನ್ನು ತೆರೆದರೆ ಒಳಗೆ 18 ಸ್ವರಗಳ ಪುಟ್ಟ ಆರ್ಗನ್ ವಾದ್ಯ, ಅದನ್ನು ನುಡಿಸಲು ಬೆರಳಿನಿಂದ ಒತ್ತುವ ದಂತದ ಮನೆಗಳು. ಈಗ ಹಿಡಿಕೆಯನ್ನು ಯಾರೂ ಮುಟ್ಟುವಂತಿಲ್ಲ. ಗಾಜಿನ ಆಚೆಯಿಂದ ನೋಡಬೇಕು, ಸದ್ದನ್ನು ಧ್ವನಿಮುದ್ರಣದಲ್ಲಿ ಕೇಳಬೇಕು. ನನ್ನ ತಂದೆ ತಿಪಟೂರಿನವರು, ಹಿಂದೆ ಮನೆಯಲ್ಲಿಯೇ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಅವರು ಆ ದಂತದ ಮನೆಗಳ ಮುಂದೆ ಬಗ್ಗಿ ನಿಂತು, ಗಾಳಿ ಯಾವ ದಾರಿಯಲ್ಲಿ ಹೋಗಬೇಕು, ತಿದಿ ಎಲ್ಲಿರಬೇಕು ಎಂದು ಮೊಮ್ಮಗನಿಗೆ ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಪಟ್ಟಿ ಹಿಡಿದು ಹೊರಟಿದ್ದರೆ ಆ ಅರ್ಧ ಗಂಟೆಯನ್ನು ಎಲ್ಲಿಂದ ತರುತ್ತಿದ್ದೆವು?

ಮಧ್ಯಾಹ್ನ ಎಕ್ಸಿಬಿಷನ್ ರಸ್ತೆಯಲ್ಲಿ ಉತ್ತರಕ್ಕೆ ನಡೆದು ಕೆನ್ಸಿಂಗ್ಟನ್ ಗಾರ್ಡನ್ಸ್ ಸೇರಿ, ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಪಾತಿ-ಪಲ್ಯ, ಮೊಸರನ್ನಗಳನ್ನು ಹುಲ್ಲಿನ ಮೇಲೆ ಕುಳಿತು ಉಂಡೆವು. ಪಕ್ಕದಲ್ಲೇ ಆಲ್ಬರ್ಟ್ ಸ್ಮಾರಕವಿದೆ. ಅದರ ನಾಲ್ಕು ಮೂಲೆಗಳ ಶಿಲ್ಪಗಳಲ್ಲಿ ಏಷ್ಯಾವನ್ನು ಪ್ರತಿನಿಧಿಸುವುದು ಮಂಡಿಯೂರಿದ ಆನೆ, ಹೀಗಾಗಿ ಮಕ್ಕಳಿಗೆ ಅದರ ಮುಂದೆ ಒಂದು ಫೋಟೋ ಬೇಕೇ ಬೇಕು. ರಾಯಲ್ ಆಲ್ಬರ್ಟ್ ಹಾಲ್ ಎದುರಿನ ನಿಲ್ದಾಣದಲ್ಲಿ 9ನೇ ನಂಬರಿನ ಬಸ್ಸು ಹತ್ತಿದರೆ ಹೈಡ್ ಪಾರ್ಕ್ ಕಾರ್ನರ್, ಪಿಕಡಿಲಿಗಳ ಮೂಲಕ ಟ್ರಫಾಲ್ಗರ್ ಚೌಕ ಸಿಗುತ್ತದೆ. ಪ್ರವಾಸಿ ಬಸ್ಸಿಗೆ ದುಡ್ಡು ಸುರಿಯುವ ಬದಲು ಇದರ ಮಹಡಿಯ ಮುಂದಿನ ಸೀಟಿನಲ್ಲಿ ಕುಳಿತರೆ ಅದೇ ನೋಟ ಮಾಮೂಲಿ ಬಸ್ ದರದಲ್ಲಿ ದಕ್ಕುತ್ತದೆ. ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ದರ, ಹನ್ನೊಂದು ತುಂಬದ ಮಕ್ಕಳಿಗೆ ಅದೂ ಇಲ್ಲ.

ಸಂಜೆಯ ನಡಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆಯವರೆಗೆ, ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ. ದಾರಿ ಸಮತಟ್ಟಾಗಿದೆ, ವಾಹನಗಳಿಲ್ಲ. ಬಲಗಡೆ ನದಿಯಾಚೆ ಸಂಸತ್ ಭವನ ಉದ್ದಕ್ಕೂ ಜೊತೆಗಿರುತ್ತದೆ. ಎಡಗಡೆ ಸೇಂಟ್ ಥಾಮಸ್ ಆಸ್ಪತ್ರೆಯ ಗೋಡೆಯ ಮೇಲೆ ಕೋವಿಡ್‌ನಿಂದ ತೀರಿಕೊಂಡವರ ನೆನಪಿಗೆ 2021ರಲ್ಲಿ ಬಿಡಿಸಲಾರಂಭಿಸಿದ ಕೆಂಪು ಹೃದಯಗಳು ಸುಮಾರು ಅರ್ಧ ಕಿಲೋಮೀಟರಿನವರೆಗೆ ಹಬ್ಬಿವೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಕೆಳಮನೆಯ ಆಸನಗಳ ಹಸಿರು ಬಣ್ಣ, ಲ್ಯಾಂಬೆತ್ ಸೇತುವೆಗೆ ಮೇಲ್ಮನೆಯ ಆಸನಗಳ ಕೆಂಪು ಬಣ್ಣ ಎಂದು ಮಕ್ಕಳಿಗೆ ಮೊದಲೇ ಹೇಳಿಟ್ಟರೆ, ಕೆಂಪು ಸೇತುವೆ ಬಂತೇ ಎಂದು ಹುಡುಕುತ್ತಾ ತಾವಾಗಿಯೇ ಮುಂದೆ ನಡೆಯುತ್ತಾರೆ.

ಲ್ಯಾಂಬೆತ್ ಸೇತುವೆಯನ್ನು ಹತ್ತದೆ ಅದೇ ದಡದಲ್ಲಿ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಅವರ ಮುತುವರ್ಜಿಯಿಂದ ಸಿದ್ಧವಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಅಮ್ಮ ಕಾಲುದಾರಿಯಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು. ಓಡುತ್ತಾ ಬಂದ ಇಬ್ಬರು ತರುಣರು ಆ ಚಪ್ಪಲಿಗಳನ್ನು ಸುತ್ತುಬಳಸಿ ದಾಟಿ ಹೋದರು. ಬೆಳಗಿನಿಂದ ನೋಡಿದ್ದರಲ್ಲಿ ಅವರು ಊರಿಗೆ ಫೋನ್ ಮಾಡಿ ಹೇಳಿದ್ದು ಇದೊಂದನ್ನೇ.

ಹ್ಯಾರೋದಿಂದ

ಬರಹ ಚೆನ್ನಾಗಿದೆ, ಆದರೆ ಮುಖ್ಯ ವಾದವನ್ನು ನಾನು ಒಪ್ಪುವುದಿಲ್ಲ. ನಾವು ಇಲ್ಲಿನ ನಿವಾಸಿಗಳು ಎಂಬುದು ನಿಜವಾದರೂ ನಮ್ಮ ತಂದೆ-ತಾಯಿಗಳು ನಿವಾಸಿಗಳಲ್ಲ. ವೀಸಾ ಮತ್ತೆ ಸಿಗುತ್ತದೆಯೋ ಇಲ್ಲವೋ, ಮುಂದಿನ ವರ್ಷ ಹತ್ತು ಗಂಟೆಯ ವಿಮಾನ ಪ್ರಯಾಣಕ್ಕೆ ಆರೋಗ್ಯ ಒಪ್ಪುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? "ಇನ್ನೊಮ್ಮೆ ನೋಡಿದರಾಯಿತು" ಎಂಬ ಮಾತು ನಮ್ಮ ವಯಸ್ಸಿಗೆ ಸಲ್ಲುತ್ತದೆ, ಅವರ ವಯಸ್ಸಿಗೆ ಸಲ್ಲುವುದಿಲ್ಲ.

ಎರಡನೆಯದಾಗಿ, ಪ್ರಸಿದ್ಧ ಸ್ಥಳಗಳನ್ನು ನೋಡುವ ಸಂತೋಷವನ್ನು ನಾವು ತೀರಾ ಹಗುರವಾಗಿ ಕಾಣುತ್ತಿದ್ದೇವೆ. ನನ್ನ ಮಾವನವರು ದಾವಣಗೆರೆಯಲ್ಲಿ ಅಂಗಡಿ ನಡೆಸಿದವರು. ಮ್ಯೂಸಿಯಂ ಎಂದರೆ ಹತ್ತು ನಿಮಿಷದಲ್ಲಿ ಬೆಂಚು ಹುಡುಕುತ್ತಾರೆ. ಅವರನ್ನು ವೆಂಬ್ಲಿ ಪಾರ್ಕಿನಿಂದ ಜ್ಯೂಬಿಲಿ ಮಾರ್ಗದಲ್ಲಿ ವೆಸ್ಟ್‌ಮಿನ್‌ಸ್ಟರಿಗೆ ಕರೆದುಕೊಂಡು ಹೋದೆವು. ಎರಡೂ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ನೆಲದಡಿಯಿಂದ ಹೊರಗೆ ಬಂದ ಕೂಡಲೇ ತಲೆಯ ಮೇಲೆಯೇ 96 ಮೀಟರ್ ಎತ್ತರದ ಗಡಿಯಾರ ಗೋಪುರ. ಚಿಕ್ಕಂದಿನಿಂದ ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಮೇಲೆ, ದೂರದರ್ಶನದಲ್ಲಿ ಕಂಡದ್ದು ಎದುರಿಗೇ ನಿಂತಾಗ ಅವರು ಆಡಿದ ಮಾತು "ಅಯ್ಯೋ, ಇದು ನಿಜವಾಗಿಯೂ ಇದೆಯಲ್ಲ!" ಎಂದು. ಹದಿಮೂರು ಟನ್ನಿಗೂ ಮಿಗಿಲಾದ ಆ ಘಂಟೆ ಗಂಟೆ ಹೊಡೆಯುವವರೆಗೂ ಅವರು ಕದಲಲಿಲ್ಲ.

ಲಂಡನ್ ಐ ಬಗ್ಗೆಯೂ ಒಂದು ಮಾತು. ಟಿಕೆಟ್ಟು ದುಬಾರಿ, ನಿಜ. ಆದರೆ ಒಂದು ಸುತ್ತಿಗೆ ಅರ್ಧ ಗಂಟೆ, ಗಾಜಿನ ಕೋಣೆಯ ನಡುವೆ ಕೂರಲು ಬೆಂಚು, 135 ಮೀಟರ್ ಎತ್ತರದಿಂದ ಇಡೀ ನಗರ. ನಡೆಯಲಾಗದವರಿಗೆ ಇದಕ್ಕಿಂತ ಅನುಕೂಲವಾದ ಊರು ಸುತ್ತಾಟ ಯಾವುದಿದೆ? ಊರಿಗೆ ಮರಳಿದ ಮೇಲೆ ಬೀಗರು, ನೆಂಟರು ಮೊದಲು ಕೇಳುವುದೂ "ಆ ದೊಡ್ಡ ಚಕ್ರ ಹತ್ತಿದಿರಾ?" ಎಂದೇ. ಅದಕ್ಕೆ ಹೌದು ಎನ್ನುವ ಹೆಮ್ಮೆ ಅವರಿಗೆ ಇರಲಿ ಬಿಡಿ.

ಸ್ಲೌನಿಂದ, ಎರಡು ಮಕ್ಕಳ ತಾಯಿ

ಇಬ್ಬರ ಮಾತಿನಲ್ಲೂ ಬಾರದ ಒಂದು ವಿಷಯವೆಂದರೆ ಶೌಚಾಲಯ. ಸಕ್ಕರೆ ಕಾಯಿಲೆಯ ಹಿರಿಯರು ಮತ್ತು ಡೈಪರ್ ಬಿಟ್ಟು ಸ್ವಲ್ಪ ಕಾಲವಾದ ಮಗು ಜೊತೆಗಿರುವಾಗ ದಿನದ ಯೋಜನೆ ಅದರ ಸುತ್ತಲೇ ಆಗಬೇಕು. ಲಂಡನ್ನಿನ ಬೀದಿಗಳಲ್ಲಿ ಸಾರ್ವಜನಿಕ ಶೌಚಾಲಯಗಳು ವಿರಳ, ಟ್ಯೂಬ್ ನಿಲ್ದಾಣಗಳಲ್ಲೂ ಎಲ್ಲ ಕಡೆ ಇರುವುದಿಲ್ಲ. ವಿಕ್ಟೋರಿಯಾ, ವಾಟರ್ಲೂ, ಪ್ಯಾಡಿಂಗ್ಟನ್‌ನಂತಹ ದೊಡ್ಡ ರೈಲು ನಿಲ್ದಾಣಗಳಲ್ಲಿ 2019ರಿಂದ ಉಚಿತವಾಗಿವೆ, ಮ್ಯೂಸಿಯಂಗಳಲ್ಲಿ ಹೇಗೂ ಇವೆ. ನದಿ ದಂಡೆಯ ನಡಿಗೆಗೆ ಇಳಿಯುವ ಮುನ್ನ ಈ ಕೆಲಸ ಮುಗಿಸಿಕೊಂಡಿರಬೇಕು. ನನ್ನ ಅತ್ತೆಯವರು ಹೊರಗೆ ಹೋಗುವ ದಿನ ನೀರನ್ನೇ ಕುಡಿಯದೆ ಇರುತ್ತಿದ್ದರು. ಎಲ್ಲೆಲ್ಲಿ ವ್ಯವಸ್ಥೆ ಇದೆ ಎಂದು ಮೊದಲೇ ಹೇಳತೊಡಗಿದ ಮೇಲೆ ಆ ಉಪವಾಸ ನಿಂತಿತು.

ಕ್ರಾಯ್ಡನ್ನಿನವರು ತಾವು ಹೋದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಳಗಿನ ಅಂಗಳವನ್ನು ಬಿಟ್ಟಿದ್ದಾರೆ. ಕಟ್ಟಡದ ನಡುವೆ ಮೊಟ್ಟೆಯಾಕಾರದ ಆಳವಿಲ್ಲದ ಕೊಳವಿದೆ. ಬಿಸಿಲಿರುವ ದಿನ ಪುಟ್ಟ ಮಕ್ಕಳು ಅದರಲ್ಲಿ ಕಾಲಾಡಿಸುತ್ತಾರೆ, ಯಾರೂ ಬೇಡವೆನ್ನುವುದಿಲ್ಲ. ಒಂದು ಜೊತೆ ಬಟ್ಟೆ, ಒಂದು ಟವೆಲ್ಲು ಒಯ್ದರೆ ಅಜ್ಜಿ-ತಾತ ನೆರಳಿನಲ್ಲಿ ಕುಳಿತು ಮೊಮ್ಮಕ್ಕಳನ್ನು ನೋಡಿಕೊಳ್ಳಬಹುದು, ಮಗ-ಸೊಸೆ ಒಂದಷ್ಟು ಹೊತ್ತು ನೆಮ್ಮದಿಯಾಗಿ ಗ್ಯಾಲರಿ ಸುತ್ತಬಹುದು. ರಸ್ತೆ ದಾಟಿದರೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಅಲ್ಲಿನ ದೊಡ್ಡ ಸಭಾಂಗಣದಲ್ಲಿ ತೂಗುಬಿಟ್ಟಿರುವ, 25 ಮೀಟರಿಗೂ ಉದ್ದವಾದ ನೀಲಿ ತಿಮಿಂಗಿಲದ ಅಸ್ಥಿಪಂಜರವೊಂದನ್ನು ತೋರಿಸಿ ಕರೆತಂದರೂ ಮಕ್ಕಳಿಗೆ ತೃಪ್ತಿ.

ಟಿಪ್ಪುವಿನ ಕಾಲದ ವಸ್ತುಗಳಲ್ಲಿ ಆಸಕ್ತಿಯಿರುವವರು ನಮ್ಮ ಕಡೆಗೂ ಬರಬಹುದು. ಸ್ಲೌನಿಂದ ವಿಂಡ್ಸರಿಗೆ ಆರೇಳು ನಿಮಿಷದ ರೈಲು. ಅಲ್ಲಿನ ಕೋಟೆಯ ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಕೋಣೆಯಲ್ಲಿ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಮುಖ, ರತ್ನ ಕೂರಿಸಿದ ಹುಮಾ ಎಂಬ ಕಾಲ್ಪನಿಕ ಪಕ್ಷಿಯ ಪ್ರತಿಮೆ ಇವೆ. ಇದಕ್ಕೆ ಟಿಕೆಟ್ಟಿದೆ. ಕೋಟೆಯ ಅಧಿಕೃತ ಜಾಲತಾಣದಲ್ಲಿಯೇ ಟಿಕೆಟ್ ಕೊಂಡು, ಕೋಟೆಯಿಂದ ಹೊರಡುವ ಮುನ್ನ ಅದನ್ನು ಒಂದು ವರ್ಷದ ಪಾಸಾಗಿ ಮಾಡಿಸಿಕೊಳ್ಳುವ ಸೌಲಭ್ಯವನ್ನು ನಾವು ಬಳಸಿಕೊಂಡೆವು. ಸಾಮಾನ್ಯವಾಗಿ ಮಂಗಳವಾರ, ಬುಧವಾರ ಕೋಟೆಗೆ ರಜೆ.

ನಿವೃತ್ತ ಉಪಾಧ್ಯಾಯ, ಶ್ರೀರಂಗಪಟ್ಟಣ (ಸದ್ಯ ಇಲ್ಫರ್ಡಿನಲ್ಲಿ, ಮಗಳ ಮನೆಯಲ್ಲಿ)

ಹಿರಿಯರಿಗೆ ಏನು ತೋರಿಸಬೇಕು ಎಂದು ಕಿರಿಯರೆಲ್ಲ ಚರ್ಚಿಸುತ್ತಿರುವುದನ್ನು ಮಗಳು ಓದಿ ಹೇಳಿದಳು. ಆ ಹಿರಿಯರ ಪೈಕಿ ಒಬ್ಬನಾಗಿ ನಾಲ್ಕು ಮಾತು ಬರೆಯಲು ತಮ್ಮೆಲ್ಲರ ಅಪ್ಪಣೆ ಬೇಡುತ್ತೇನೆ.

ಮೊದಲಿಗೆ ಆ ಹುಲಿಯ ವಿಚಾರ. ಶಾಲೆಯ ಮಕ್ಕಳನ್ನು ದರಿಯಾ ದೌಲತ್ತಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಪೊಳ್ಳಿಲೂರು ಕದನದ ಚಿತ್ರವನ್ನು ತೋರಿಸುವುದು ನನ್ನ ವೃತ್ತಿಜೀವನದುದ್ದಕ್ಕೂ ನಡೆದು ಬಂದ ಕೆಲಸ. ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಟಿಪ್ಪುವಿನ ಅರಮನೆಯಿದ್ದ ಜಾಗವೂ ಇದೆ. ಅಲ್ಲಿ ಈಗ ತಳಪಾಯದ ಹೊರತು ಬೇರೇನೂ ಉಳಿದಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಆ ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕಿದ್ದು ಈ ಹುಲಿ. ಖಾಲಿ ತಳಪಾಯವನ್ನು ಅಷ್ಟು ವರ್ಷ ನೋಡಿದವನಿಗೆ, ಆ ಗೋಡೆಗಳ ಒಳಗಿದ್ದ ವಸ್ತುವೊಂದು ಸಾವಿರಾರು ಮೈಲಿಯಾಚೆ ಬಣ್ಣ ಮಾಸದೆ ಕಂಡಾಗ ಸಂತೋಷವಾಯಿತೋ ಸಂಕಟವಾಯಿತೋ ಹೇಳಲಾರೆ. ಎರಡೂ ಆಗಿರಬೇಕು.

ನಾನು ಗಮನಿಸಿದ್ದು ಮರದ ಕೆಲಸವನ್ನು. ಹೊರಗಿನ ಮರದ ಹೊದಿಕೆ ಅರ್ಧ ಅಂಗುಲದಷ್ಟು ಮಾತ್ರ ದಪ್ಪ, ಉಳಿದದ್ದೆಲ್ಲ ಟೊಳ್ಳು. ನಮ್ಮ ಕಡೆಯ ದೇವಾಲಯಗಳ ಮರದ ವಾಹನಗಳನ್ನು ಕಡೆದ ಕೈಗಳ ಪರಂಪರೆಯೇ ಇದನ್ನೂ ಕಡೆದಿರಬಹುದೆಂದು ತಿಳಿದವರು ಊಹಿಸಿದ್ದಾರೆ. ಹುಲಿಯ ಉರುಟು ಕಣ್ಣು, ಅಗಲವಾದ ಮುಖ ನೋಡಿದರೆ ನನಗೂ ಹಾಗೆಯೇ ಅನ್ನಿಸಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಯಿಂದ ಚಾವಣಿ ಕುಸಿದು ಅದು ಜಖಂಗೊಂಡಿತ್ತಂತೆ, ಬಳಿಕ ಸರಿಪಡಿಸಿ ಒಳಗಿನಿಂದ ಬಲಪಡಿಸಿದ್ದಾರೆ. ಅದಕ್ಕೂ ಮುಂಚೆ, ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿ 1808ರಿಂದ ಸಾರ್ವಜನಿಕರ ನೋಟಕ್ಕೆ ಇಟ್ಟಿದ್ದಾಗ, ಬಂದವರೆಲ್ಲ ಹಿಡಿಕೆ ತಿರುಗಿಸಿ ಗರ್ಜನೆ ಹೊರಡಿಸಿ, ಪಕ್ಕದಲ್ಲಿ ಓದುತ್ತಾ ಕುಳಿತವರ ತಲೆ ಕೆಡಿಸುತ್ತಿದ್ದರೆಂದು ಅಂದಿನ ಪತ್ರಿಕೆಗಳೇ ದೂರಿವೆ. ಓದುವವರ ಪರವಾಗಿ ನಿಲ್ಲಬೇಕಾದ ಮೇಷ್ಟ್ರಾದ ನನಗೂ ಒಮ್ಮೆ ತಿರುಗಿಸಬೇಕೆನ್ನಿಸಿತು.

ಇನ್ನು ತಮ್ಮ ಪ್ರಶ್ನೆಗೆ ಬರುತ್ತೇನೆ. ಎಷ್ಟು ಸ್ಥಳ ತೋರಿಸಬೇಕು ಎಂಬುದಕ್ಕಿಂತ, ಯಾವ ದಾರಿಯಲ್ಲಿ ಕರೆದೊಯ್ಯಬೇಕು ಎಂಬುದು ನಮ್ಮಂಥವರಿಗೆ ಮುಖ್ಯ. ಶನಿವಾರ ಒಂದು ದಿನ ನೀವು ತಿರುಗಾಡಿಸುತ್ತೀರಿ. ಭಾನುವಾರ ಬಟ್ಟೆ, ಸಾಮಾನು, ಮಕ್ಕಳ ಪಾಠ. ಸೋಮವಾರದಿಂದ ಶುಕ್ರವಾರದವರೆಗೆ ನಾವಿಬ್ಬರೂ ಕಿಟಕಿಯ ಹೊರಗೆ ಮಳೆ ನೋಡಿಕೊಂಡು ಕುಳಿತಿರುತ್ತೇವೆ. ಸುತ್ತಾಟದ ದಿನ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಕಾರಿನಲ್ಲೇ ವಾಪಸು ಕರೆತಂದರೆ ನಮಗೆ ಊರಿನ ದಾರಿ ಎಂದಿಗೂ ತಿಳಿಯುವುದಿಲ್ಲ. ನನ್ನ ಮಗಳು ಮಾಡಿದ ಉಪಕಾರವೆಂದರೆ, ಇಲ್ಫರ್ಡಿನಿಂದ ಹೊರಡುವ 25ನೇ ನಂಬರಿನ ಬಸ್ಸಿನಲ್ಲಿ ನಮ್ಮನ್ನು ಸೇಂಟ್ ಪಾಲ್ಸ್ ಚರ್ಚಿನವರೆಗೆ ಕರೆದುಕೊಂಡು ಹೋದದ್ದು. ಎಲಿಜಬೆತ್ ಮಾರ್ಗದ ರೈಲು ಇದರ ಅರ್ಧ ಹೊತ್ತಿನಲ್ಲಿ ತಲುಪಿಸುತ್ತದೆಂದು ಅಳಿಯಂದಿರು ಈಗಲೂ ಹೇಳುತ್ತಾರೆ. ಆದರೆ ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಕೂಗಿ ಹೇಳುತ್ತಾರೆ, ಹಲಗೆಯ ಮೇಲೆ ಅಕ್ಷರವೂ ಮೂಡುತ್ತದೆ, ದಾರಿ ತಪ್ಪಿದರೆ ಇಳಿದು ಎದುರಿನ ಬದಿಗೆ ಹೋಗಿ ಅದೇ ನಂಬರಿನ ಬಸ್ಸು ಹತ್ತಿದರಾಯಿತು.

ಈಗ ನಾನೂ ನನ್ನ ಮನೆಯವರೂ ಮಕ್ಕಳು ಕೆಲಸಕ್ಕೆ ಹೋದ ಮೇಲೆ ಆ ಬಸ್ಸಿನಲ್ಲಿ ಹೋಗಿ, ಮಿಲೇನಿಯಂ ಪಾದಚಾರಿ ಸೇತುವೆಯ ಬಳಿ ನದಿ ನೋಡುತ್ತಾ ಕುಳಿತು, ಶಾಲೆ ಬಿಡುವ ಹೊತ್ತಿಗೆ ಮನೆಗೆ ಬರುತ್ತೇವೆ. ಕಾವೇರಿಯ ದಡದಲ್ಲಿ ಬೆಳೆದವನಿಗೆ ಕನ್ನಂಬಾಡಿಯಿಂದ ನೀರು ಬಿಟ್ಟಾಗ ಹೊಳೆ ಏರುವುದು ಗೊತ್ತು. ಊರ ನಡುವಿನ ನದಿ ಸಮುದ್ರದ ಉಬ್ಬರವಿಳಿತಕ್ಕೆ ದಿನಕ್ಕೆರಡು ಬಾರಿ ಏರಿ ಇಳಿಯುವುದನ್ನು ಇಲ್ಲಿಯೇ ಮೊದಲು ಕಂಡೆ. ದೊಡ್ಡ ಉಬ್ಬರದ ದಿನಗಳಲ್ಲಿ ಅಂತರ ಏಳು ಮೀಟರಿನಷ್ಟಾಗುತ್ತದಂತೆ. ನಾವು ಹೋದಾಗ ನೀರಿನಲ್ಲಿ ಮುಳುಗಿರುವ ಕಲ್ಲು ಮೆಟ್ಟಿಲುಗಳು ಏಳುವ ಹೊತ್ತಿಗೆ ಪಾಚಿ ಸಮೇತ ಹೊರಗೆ ಬಂದು, ಕೆಳಗೆ ಜಲ್ಲಿಯ ದಡ ಕಾಣಿಸುತ್ತದೆ. ಒಮ್ಮೆ ಮೊಮ್ಮಗ ಅಲ್ಲಿ ತಂಬಾಕು ಸೇದುವ ಹಳೆಯ ಮಣ್ಣಿನ ಚಿಲುಮೆಯ ಚೂರು ಹುಡುಕುತ್ತೇನೆಂದು ಹೊರಟ; ಬಂದರು ಪ್ರಾಧಿಕಾರದ ಪರವಾನಗಿ ಇಲ್ಲದೆ ಅಲ್ಲಿ ಏನನ್ನೂ ಹೆಕ್ಕುವಂತಿಲ್ಲ ಎಂದು ಮಗಳು ತಡೆದಳು. ಶ್ರೀರಂಗಪಟ್ಟಣದಿಂದ ಅಷ್ಟೊಂದನ್ನು ಹೆಕ್ಕಿಕೊಂಡು ಬಂದವರ ಊರಿನಲ್ಲಿ ಒಂದು ಚೂರಿಗೂ ಪರವಾನಗಿಯೇ ಎಂದು ನನ್ನಾಕೆ ನಕ್ಕಳು.

ಕ್ರಾಯ್ಡನ್ ನಿವಾಸಿ

ಮೇಷ್ಟ್ರೇ, ತಮ್ಮ ಬರಹಕ್ಕೆ ನಮಸ್ಕಾರ. ದಾರಿ ಕಲಿಸುವ ಬಗ್ಗೆ ತಾವು ಬರೆದದ್ದು ನನ್ನ ವಾದಕ್ಕಿಂತ ಹೆಚ್ಚು ಉಪಯುಕ್ತವಾಗಿದೆ. ನಮ್ಮ ತಂದೆಯವರಿಗೂ ಮುಂದಿನ ವಾರ ಒಂದು ಆಯ್ಸ್ಟರ್ ಕಾರ್ಡ್ (ಬಸ್ಸು, ಟ್ಯೂಬ್‌ಗಳಲ್ಲಿ ಮುಟ್ಟಿಸಿ ಹೋಗುವ ಪ್ರಯಾಣದ ಕಾರ್ಡು) ಮಾಡಿಸಿಕೊಡುತ್ತಿದ್ದೇನೆ.

ತಮ್ಮ ಮನೆಯವರ ಮಾತಿನಿಂದ ನನ್ನ ಮಗ ಗಾಜಿನ ಮುಂದೆ ಕೇಳಿದ ಪ್ರಶ್ನೆ ನೆನಪಾಯಿತು: "ತಾತ, ಇದು ನಮ್ಮದಾದರೆ ಇಲ್ಲೇಕಿದೆ?" ಟಿಪ್ಪುವಿನ ಬಗ್ಗೆ ನಮ್ಮೊಳಗೆ ಎಷ್ಟು ಬಗೆಯ ಅಭಿಪ್ರಾಯಗಳಿವೆಯೆಂಬುದು ಎಲ್ಲರಿಗೂ ಗೊತ್ತು, ಆ ಚರ್ಚೆಯನ್ನು ಇಲ್ಲಿ ತೆರೆಯುವ ಇಚ್ಛೆ ನನಗಿಲ್ಲ. ಆದರೆ ಎಂಟು ವರ್ಷದ ಹುಡುಗನ ಆ ಪ್ರಶ್ನೆಗೆ ನೇರ ಉತ್ತರ ಕೊಡಬೇಕಾದದ್ದು ನಮ್ಮ ಕರ್ತವ್ಯ. ಯುದ್ಧ ಗೆದ್ದ ಸೈನ್ಯವು ಖಜಾನೆಯನ್ನು ತನ್ನೊಳಗೆ ಹಂಚಿಕೊಂಡಿತು, ಹಂಚಲೆಂದೇ ಪ್ರೈಜ್ ಏಜೆಂಟರೆಂಬ ಅಧಿಕಾರಿಗಳಿದ್ದರು, ಪಾಲು ಹುದ್ದೆಗೆ ತಕ್ಕಂತೆ ಸಿಗುತ್ತಿತ್ತು, ಪಾಲು ಮಾಡುವ ಸಲುವಾಗಿಯೇ ಚಿನ್ನದ ಸಿಂಹಾಸನವನ್ನು ಒಡೆದು ಚೂರು ಮಾಡಿದರು ಎಂದು ತಂದೆಯವರು ಹೇಳಿದರು. ಸ್ಲೌನವರು ಹೇಳಿದ ಹುಲಿಮುಖ, ಹುಮಾ ಪಕ್ಷಿಗಳು ಆ ಚೂರುಗಳ ಪೈಕಿಯವೇ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹುಲಿಯನ್ನು ಯಾಕೆ ಒಡೆಯಲಿಲ್ಲ?" ಎಂದು ಕೇಳಿದ. ಅದು ಮರದ್ದು, ಒಡೆದರೆ ಯಾರಿಗೂ ಏನೂ ಸಿಗುತ್ತಿರಲಿಲ್ಲ ಎಂದರು ತಂದೆಯವರು. ಅದೇ ಸಂಗ್ರಹಾಲಯದಲ್ಲಿರುವ ಮಹಾರಾಜ ರಣಜಿತ್ ಸಿಂಗರ ಚಿನ್ನದ ಪೀಠವನ್ನು ನೋಡಿದಾಗ, ಇದನ್ನು ಮಾತ್ರ ಒಡೆಯದೆ ಬಿಟ್ಟದ್ದು ಹೇಗೆ ಎಂಬ ಅವನ ಮುಂದಿನ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

ಹ್ಯಾರೋದ ಮಿತ್ರರಿಗೆ: ಬಿಗ್ ಬೆನ್ ನೋಡಬೇಡಿ ಎಂದು ನಾನು ಹೇಳಿಲ್ಲ. ನನ್ನ ಸಂಜೆಯ ನಡಿಗೆ ಅದರ ಬುಡದಿಂದಲೇ ಆರಂಭವಾಗುತ್ತದೆ. ನನ್ನ ಆಕ್ಷೇಪವಿರುವುದು ಒಂದೇ ದಿನ ಟವರ್ ಬ್ರಿಡ್ಜ್‌ಗೂ ಬಕಿಂಗ್‌ಹ್ಯಾಮ್ ಅರಮನೆಗೂ ಆಕ್ಸ್‌ಫರ್ಡ್ ಸ್ಟ್ರೀಟಿಗೂ ಓಡುವುದರ ಬಗ್ಗೆ ಮಾತ್ರ.

ಎಲ್ಲರಿಗೂ ಒಂದು ಸೂಚನೆ: ಸಂಗ್ರಹಾಲಯಗಳಲ್ಲಿ ಆಗಾಗ ಗ್ಯಾಲರಿಗಳ ನವೀಕರಣ ನಡೆಯುತ್ತದೆ. ಹುಲಿಯನ್ನೇ ನೋಡಲೆಂದು ಹೊರಡುವವರು ಅದು ಆ ದಿನ ಪ್ರದರ್ಶನದಲ್ಲಿದೆಯೇ ಎಂದು ಜಾಲತಾಣದಲ್ಲಿ ನೋಡಿಕೊಂಡು ಹೊರಡಿರಿ.

ಲೀಡ್ಸ್‌ನಿಂದ

ಲಂಡನ್ನಿನವರ ಚರ್ಚೆಯಲ್ಲಿ ಉತ್ತರದವನ ಒಂದು ಮಾತು. ನಮಗೆ ಲಂಡನ್ ಎಂದರೆ ಹೋಗಲು ಎರಡು ಗಂಟೆಗೂ ಮೀರಿದ, ಬರಲು ಅಷ್ಟೇ ಹೊತ್ತಿನ ರೈಲು ಪ್ರಯಾಣ. ಆರು ಜನರ ಟಿಕೆಟ್ಟಿನ ಮೊತ್ತವೇ ದೊಡ್ಡ ಖರ್ಚು. ಹಿರಿಯರಿಗಾಗಿ ಇರುವ ಸೀನಿಯರ್ ರೈಲ್‌ಕಾರ್ಡನ್ನು 60 ದಾಟಿದ ಯಾರಾದರೂ ಕೊಳ್ಳಬಹುದು. ಇಲ್ಲಿನ ನಿವಾಸಿಯೇ ಆಗಿರಬೇಕೆಂದಿಲ್ಲ, ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ಸಾಕು. ಹೆಚ್ಚಿನ ಟಿಕೆಟ್ಟುಗಳ ಮೇಲೆ ಮೂರನೇ ಒಂದು ಭಾಗ ಕಡಿತ ಸಿಗುತ್ತದೆ. ಆರು ತಿಂಗಳು ಇರುವವರಿಗೆ ಒಂದೆರಡು ದೂರ ಪ್ರಯಾಣಗಳಲ್ಲೇ ಕೊಟ್ಟ ಹಣ ಹುಟ್ಟುತ್ತದೆ. ಮಕ್ಕಳಿರುವವರಿಗೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಬೇರೆಯೇ ಇದೆ. ಅದರಲ್ಲಿ ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ 60 ಶೇಕಡ ಕಡಿತ.

ಇನ್ನೊಂದು ವಿಚಾರ ಹಲವರಿಗೆ ತಿಳಿದಿರುವುದಿಲ್ಲ. ಆ ಸೀನಿಯರ್ ರೈಲ್‌ಕಾರ್ಡನ್ನು ಟ್ಯೂಬ್ ನಿಲ್ದಾಣದ ಸಿಬ್ಬಂದಿಗೆ ತೋರಿಸಿದರೆ ಆಯ್ಸ್ಟರ್ ಕಾರ್ಡಿಗೆ ಜೋಡಿಸಿಕೊಡುತ್ತಾರೆ. ಬಳಿಕ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಟ್ಯೂಬ್ ದರದಲ್ಲೂ ಕಡಿತ ಸಿಗುತ್ತದೆ. ಬ್ಯಾಂಕ್ ಕಾರ್ಡನ್ನು ನೇರವಾಗಿ ಮುಟ್ಟಿಸಿ ಹೋಗುವವರಿಗೆ ಈ ಸೌಲಭ್ಯವಿಲ್ಲ. ಊರಿನ ಬ್ಯಾಂಕಿನ ಕಾರ್ಡ್ ಮುಟ್ಟಿಸಿದರೆ ವಿದೇಶಿ ವಿನಿಮಯದ ಶುಲ್ಕವೂ ಬೀಳುವ ಸಂಭವವಿರುವುದರಿಂದ ಹಿರಿಯರಿಗೆ ಆಯ್ಸ್ಟರ್ ಕಾರ್ಡೇ ಸರಿ.

ದೂರದಿಂದ ಬರುವವರಿಗೆ ಹಗಲಿನ ಲೆಕ್ಕವೂ ಮುಖ್ಯ. ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಸುಮಾರಿಗೇ ಮುಳುಗಿಬಿಡುತ್ತಾನೆ. ಕ್ರಾಯ್ಡನ್ನಿನವರ ಈ ಯೋಜನೆಯನ್ನು ಚಳಿಗಾಲದಲ್ಲಿ ಅನುಸರಿಸುವವರು ನದಿಯ ನಡಿಗೆಯನ್ನು ಬೆಳಿಗ್ಗೆಗೆ, ಮ್ಯೂಸಿಯಮ್ಮನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಲೇಸು.

ಹ್ಯಾರೋದಿಂದ

ರೈಲ್‌ಕಾರ್ಡಿನ ಮಾಹಿತಿಗೆ ಧನ್ಯವಾದಗಳು. ಲಂಡನ್ ಐ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಮೇಷ್ಟ್ರು ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. ಮ್ಯೂಸಿಯಂ ಬೇಡವೆನ್ನುವ ಅವರು ಬಸ್ಸಿನ ಮಾತು ಬಂದ ಕೂಡಲೇ ನೆಟ್ಟಗೆ ಕುಳಿತು, ಹ್ಯಾರೋದಿಂದ ನದಿಗೆ ಯಾವ ನಂಬರಿನ ಬಸ್ಸು ಎಂದು ಕೇಳಿದರು. ನೇರ ಬಸ್ಸಿನ ಬಗ್ಗೆ ಗೊತ್ತಿದ್ದವರು ಬರೆಯಿರಿ. ಎರಡು ಕಡೆ ಬದಲಿಸಬೇಕಾದರೂ ಚಿಂತೆಯಿಲ್ಲ, ಮೆಟ್ಟಿಲು ಮಾತ್ರ ಇರಬಾರದು. ಬಸವಣ್ಣನವರ ಪ್ರತಿಮೆಯ ಹತ್ತಿರ ಅರ್ಧ ಗಂಟೆ ಕೂರಲು ಬೆಂಚುಗಳಿವೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾದೀತು.

ಕ್ರಾಯ್ಡನ್ ನಿವಾಸಿ

ಬೆಂಚುಗಳಿವೆ. ಆ ದಂಡೆಯಲ್ಲಿ ಹಂಸದ ಕೆತ್ತನೆಯ ಕೈಗಳಿರುವ ಹಳೆಯ ಬೆಂಚುಗಳನ್ನು ಒಂದು ಕಟ್ಟೆಯ ಮೇಲೆ ಎತ್ತರಿಸಿ ಇಟ್ಟಿದ್ದಾರೆ, ಕುಳಿತಲ್ಲಿಂದಲೇ ತಡೆಗೋಡೆಯ ಮೇಲಿಂದ ನದಿ ಕಾಣುತ್ತದೆ. ಕಟ್ಟೆ ಹತ್ತಲು ಮೆಟ್ಟಿಲೊಂದಿದೆ, ನಿಮ್ಮ ಮಾವನವರಿಗೆ ಕೈ ಕೊಡಬೇಕಾದೀತು. ಹ್ಯಾರೋದ ಬಸ್ಸಿನ ವಿಷಯ ನನಗಿಂತ ಆ ಕಡೆಯವರೇ ಹೇಳಬೇಕು. ವೆಂಬ್ಲಿ ಪಾರ್ಕಿನಿಂದ ವೆಸ್ಟ್‌ಮಿನ್‌ಸ್ಟರಿನವರೆಗೆ ನೀವು ಹೋದ ಲಿಫ್ಟಿನ ದಾರಿಯನ್ನೇ ಅವರಿಗೆ ಒಮ್ಮೆ ತೋರಿಸಿಕೊಟ್ಟು, ಅಲ್ಲಿಂದ ಮುಂದೆ ಹಸಿರು ಸೇತುವೆ ದಾಟಿ ಬಲಕ್ಕೆ ತಿರುಗಬೇಕೆಂದು ಹೇಳಿದರೆ ಸಾಕಾಗಬಹುದು. ನಾನೂ ತಂದೆಯವರೂ ಬರುವ ಶನಿವಾರ ಅಲ್ಲಿಗೆ ಹೋಗುವವರಿದ್ದೇವೆ. ನೀವೂ ಬರುವುದಾದರೆ ತಿಂಡಿ ನಾವು ತರುತ್ತೇವೆ, ಫ್ಲಾಸ್ಕಿನಲ್ಲಿ ಕಾಫಿ ನೀವು ತನ್ನಿ.